ಸಿಮೆಂಟಿನಲ್ಲಿ ಸಿಕ್ಕಿಕೊಂಡ ತಿಗರಿ

ನಮ್ಮ ಮ್ಯೂಸಿಯಂಗೆ ಬರುವವರು ಕೇಳುವ ಮೊದಲ ಪ್ರಶ್ನೆ, "ಟಾಯ್ಲೆಟ್ ಎಲ್ಲಿದೆ?" ಎರಡನೆಯದು, "ಇದೆಲ್ಲ ನಮ್ಮನೆ ಅಟ್ಟದ ಮೇಲೂ ಅದಲ್ಲ, ಇದ ನೋಡಕ್ಕೆ ಇಲ್ಲಿಗಂಟ ಯಾಕ್ ಬರಬೇಕಿತ್ತು?" ಮೊದಲನೆಯದಕ್ಕೆ ಬಲಗಡೆ ಕೈ ತೋರಿಸುತ್ತೇನೆ. ಎರಡನೆಯದಕ್ಕೆ ಜಗಳ ಆಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ, ಅದೇ ಅವರಿಗೆ ಖುಷಿ.

ಮ್ಯೂಸಿಯಂ ಎಂದರೆ ದೊಡ್ಡ ಕಟ್ಟಡ, ಕಮಾನು, ಸಮವಸ್ತ್ರದ ಕಾವಲುಗಾರ ಎಂದೆಲ್ಲ ಅಂದುಕೊಳ್ಳಬೇಡಿ. ಚಾಮರಾಜನಗರದ ಅಂಚಿನಲ್ಲಿ, ಒಂದು ಕಾಲಕ್ಕೆ ಅರಿಸಿನ ತುಂಬಿಡುತ್ತಿದ್ದ ಗೋದಾಮು ಅದು. ನಾಲ್ಕು ಸಲ ಸುಣ್ಣ ಬಳಿಸಿದರೂ ಅರಿಸಿನ ಹೋಗಿಲ್ಲ. ಬಿಳಿ ಪಂಚೆಯವರು ಗೋಡೆಗೆ ಒರಗಿ ನಿಂತರೆ ಹೊರಗೆ ಹೋಗುವಾಗ ಮದುಮಗನ ಹಾಗೆ ಕಾಣುತ್ತಾರೆ. ಒಳಗೆ ಒನಕೆ, ಒರಳು, ಮೊರ, ಬೀಸುವ ಕಲ್ಲು, ಕಂಸಾಳೆ, ತಂಬೂರಿ, ರಾಗಿ ತುಂಬುವ ಗುಡಾಣ, ಹೀಗೆ ಈ ಸೀಮೆಯ ಜನ ಮಾಡಿ, ಬಳಸಿ, ಆಮೇಲೆ ಬೇಡವೆಂದು ಮೂಲೆಗೆ ಎಸೆದ ಸಾಮಾನುಗಳಿವೆ.

ನಾನು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ಕಲಿತದ್ದು ಪಿಂಗಾಣಿ ಕಲೆ. ಆ ಕಾಲೇಜಿಗೆ ಸೇರುತ್ತೇನೆ ಎಂದಾಗ ಅಪ್ಪ, "ಮಣ್ಣು ಕಲಸೋದಕ್ಕೂ ಒಂದು ಕಾಲೇಜಾ?" ಎಂದಿದ್ದರು. ಕಲಿತು, ಬಹುಮಾನ ಗೆದ್ದು, ಅಲ್ಲಿ ಇಲ್ಲಿ ಪ್ರದರ್ಶನ ಮಾಡಿ, ಪೇಪರಿನಲ್ಲಿ ಫೋಟೋ ಬಂದ ಮೇಲೂ ಅಪ್ಪನ ಅಭಿಪ್ರಾಯ ಬದಲಾಗಲಿಲ್ಲ. ಆಮೇಲೆ ನನ್ನ ಕೆಲಸಕ್ಕೆ ಒಳ್ಳೆಯ ಜೇಡಿಮಣ್ಣು ಹುಡುಕಿಕೊಂಡು ಹಳ್ಳಿ ಹಳ್ಳಿ ಅಲೆಯತೊಡಗಿದೆ. ಮಣ್ಣು ತರಲು ಹೋದವಳು ತಿಪ್ಪೆಯ ಪಕ್ಕ ಬಿದ್ದಿದ್ದ ಒರಳನ್ನು ತಂದೆ. ಮುಂದಿನ ಸಲ ಒನಕೆ. ಮನೆಯಲ್ಲಿ ಕಾಲಿಡಲು ಜಾಗ ಇಲ್ಲದಂತಾದಾಗ ನನ್ನ ಗಂಡ, "ನೋಡು, ಮೂರು ಒನಕೆ ಇವೆ, ಕುಟ್ಟೋದಕ್ಕೆ ಒಂದು ಹಿಡಿ ಕಾಳಿಲ್ಲ. ಒಂದೋ ಇವು ಹೋಗಬೇಕು, ಇಲ್ಲ ನಾನು" ಎಂದರು. ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಆ ಸ್ವಲ್ಪ ಹೊತ್ತನ್ನು ಅವರು ಇವತ್ತಿಗೂ ಮರೆತಿಲ್ಲ. ಕೊನೆಗೆ ಗೋದಾಮು ಸಿಕ್ಕಿತು, ಸಂಸಾರ ಉಳಿಯಿತು.

ನಮ್ಮ ಜನ ಸಾಮಾನು ಕೊಡುತ್ತಾರೆ, ಆದರೆ ಕೊಟ್ಟಿದ್ದೇವೆ ಎಂದು ಒಪ್ಪುವುದಿಲ್ಲ. ಹಬ್ಬ ಬಂದರೆ ಮೊರ ವಾಪಸು ಒಯ್ಯುತ್ತಾರೆ. ಹರವೆ ಕಡೆಯ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ತಾನು ಕೊಟ್ಟ ಬೀಸುವ ಕಲ್ಲನ್ನು ನೋಡಿ, "ಇದ ಯಾಕವ್ವ ಮೂಲೇಲಿ ಮಡಗಿದ್ದಯ್? ಮುಂದಕ್ ಮಡಗು" ಎಂದು ಗದರಿಸಿ, ತಾನೇ ಸೆರಗು ಕಟ್ಟಿ ಬಾಗಿಲ ಹತ್ತಿರ ಉರುಳಿಸಿಟ್ಟು ಹೋಗುತ್ತಾಳೆ. ಆಕೆಯ ಬಸ್ಸು ಹೊರಟ ಮೇಲೆ ನಾನು ಅದನ್ನು ಮತ್ತೆ ಒಳಗೆ ಉರುಳಿಸುತ್ತೇನೆ. ನನ್ನ ಸೊಂಟ ಹೋಗಿದ್ದೇ ಅದರಿಂದ.

ಈಗ ಕುಂಬಾರ ತಾತನ ವಿಷಯಕ್ಕೆ ಬರುತ್ತೇನೆ.

ತಾತನ ಊರು ಹರವೆಗೆ ಹತ್ತಿರ. ನಾವು ಮೊದಲು ಭೇಟಿಯಾದದ್ದು ಕೆರೆಯ ಒಳಗೆ. ಬೇಸಿಗೆ, ಕೆರೆ ಒಣಗಿತ್ತು. ನಾನು ಪಿಕಾಸಿ ಹಿಡಿದು ಮಣ್ಣು ಅಗೆದು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಏರಿಯ ಮೇಲಿಂದ ಒಂದು ಕೂಗು ಬಂತು.

"ಯಾರವ್ವ ಅದು? ನಮ್ ಕೆರೆ ಮಣ್ಣ ಯಾವೂರ್ಗ ಸಾಗಸ್ತಿದ್ದಯ್?"

"ನಾನೂ ಮಣ್ಣಿನ ಕೆಲಸದವಳೇ" ಎಂದೆ ಗತ್ತಿನಿಂದ.

ತಾತ ಇಳಿದು ಬಂದು ನನ್ನ ಚೀಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ಮೇಲಿಟ್ಟುಕೊಂಡರು. ಥೂ ಎಂದು ಉಗಿದರು. "ಇದ್ರಲ್ಲಿ ಮಡಕೆಯಾ? ಇದು ಒಲೆ ಸಾರ್ಸಕ್ಕೂ ಆಗಲ್ಲ ಕಣವ್ವ. ಬಾ ಇತ್ಲಾಗಿ" ಎಂದು ಕರೆದುಕೊಂಡು ಹೋಗಿ ಇನ್ನೊಂದು ಕಡೆ ತೋರಿಸಿದರು. ನಾನು ಕಾಲೇಜಿನಲ್ಲಿ ಒಂದು ವರ್ಷ ಪರೀಕ್ಷಾ ನಳಿಕೆ ಹಿಡಿದು ಕಲಿತದ್ದನ್ನು ಆ ಮನುಷ್ಯ ನಾಲಗೆಯ ತುದಿಯಲ್ಲಿ ಮುಗಿಸಿಬಿಟ್ಟಿದ್ದರು. ಅವತ್ತಿನಿಂದ ನಮ್ಮ ಸ್ನೇಹ, ಅವತ್ತಿನಿಂದಲೇ ಜಗಳ.

ಆ ಉಪಕಾರಕ್ಕೆ ನಾನು ಅವರಿಗೆ ಒಂದು ನೀರಿನ ಹೂಜಿ ಮಾಡಿಕೊಟ್ಟೆ. ಕಡು ನೀಲಿ ಹೊಳಪು, ಕಂಠದ ಸುತ್ತ ಬಿಳಿ ಗೆರೆ. ನನ್ನ ಕೈಯಿಂದ ಬಂದ ಅತಿ ಚೆಂದದ ವಸ್ತುಗಳಲ್ಲಿ ಅದೊಂದು. ವಾರ ಬಿಟ್ಟು ಹೋದಾಗ ತಾತನ ಸೊಸೆ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಳು.

"ನೀರು ತಣ್ಣಗಾಗ್ದು ಕಣವ್ವ" ಎಂದರು ತಾತ. "ಮೈ ತುಂಬ ಗಾಜು ಬಳ್ದಿದ್ದಯ್. ಮಡಕೆ ಬೆವರ್ಬೇಕು, ಆಗ್ಲೇ ಒಳಗಿನ್ ನೀರು ತಣ್ಣಗಿರದು. ಉಪ್ಪಿನಕಾಯ್ಗೆ ಮಾತ್ರ ಬಾಳಾ ಚೆಂದಾಗದ." ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಅದೇ ಉಪ್ಪಿನಕಾಯಿ ಬಡಿಸಿದರು, ಎರಡು ಸಲ ಹಾಕಿಸಿಕೊಂಡೆ.

ಕೆಲವು ವರ್ಷಗಳಾದ ಮೇಲೆ ತಾತನ ಕೈ ನಡುಗಲು ಶುರುವಾಯಿತು. ಟೀ ಲೋಟ ಹಿಡಿದರೆ ಅರ್ಧ ಟೀ ಪಂಚೆಯ ಮೇಲೆ. ಚಕ್ರದ ಮುಂದೆ ಕೂತರೆ ಮಣ್ಣಿನ ಗೋಡೆ ಏಳುವ ಮೊದಲೇ ಸೊಟ್ಟಗಾಗಿ ಕುಸಿಯುತ್ತಿತ್ತು. ಮಗ ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ, ಅವನಿಗೆ ಮಡಕೆಯ ಗೊಡವೆಯೇ ಇಲ್ಲ. ಒಂದು ದಿನ ತಾತ ನನಗೆ ಹೇಳಿಕಳಿಸಿದರು. ಹೋದರೆ ಚಕ್ರವನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು ಜಗಲಿಗೆ ಒರಗಿಸಿದ್ದರು. ಆ ಚಕ್ರಕ್ಕೆ ಅವರು ತಿಗರಿ ಎನ್ನುತ್ತಾರೆ. ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡದು. ನೆಲಕ್ಕೆ ಹೂತ ಗೂಟದ ಮೊನೆಯ ಮೇಲೆ ಕೂತು ತಿರುಗುತ್ತದೆ, ಅಂಚಿನ ಗುಳಿಗೆ ಕೋಲು ಕೊಟ್ಟು ತಿರುಗಿಸಬೇಕು. ತಾತನ ತಾತನ ಕಾಲದ್ದು.

"ತಗೊಂಡೋಗವ್ವ ಇದ" ಎಂದರು. "ಇಲ್ಲಿ ಇದ್ರ ಮೊಖ ನೋಡ್ಕೊಂಡ್ ಕುಂತ್ಕಳಕ್ಕೆ ನನ್ ಕೈಲಾಗಲ್ಲ."

ಗೋದಾಮಿನ ನಡುವೆ, ಕಿಟಕಿಯ ಬೆಳಕು ಬೀಳುವ ಕಡೆ ಅದನ್ನು ಕೂರಿಸಿದೆ. ಸುತ್ತ ಹಗ್ಗ ಕಟ್ಟಿ, "ದಯವಿಟ್ಟು ಮುಟ್ಟಬೇಡಿ" ಎಂದು ಬೋರ್ಡು ಹಾಕಿದೆ. ನಮ್ಮ ಕಡೆ ಆ ಬೋರ್ಡು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಸ್ಕೂಲಿನ ಮಕ್ಕಳು ಬಂದರೆ ಹಗ್ಗದ ಕೆಳಗೆ ನುಸುಳಿ ಗಿರಗಿರ ತಿರುಗಿಸುತ್ತಿದ್ದರು. ಒಮ್ಮೆ ಮಕ್ಕಳನ್ನು ಗದರಿಸಿ ಆಚೆಗೆ ಕಳಿಸಿದ ಮೇಷ್ಟ್ರೇ, ಯಾರೂ ನೋಡುತ್ತಿಲ್ಲ ಎಂದುಕೊಂಡು ತಿರುಗಿಸಲು ಹೋಗಿ ಪಂಚೆಯ ಅಂಚು ಸಿಕ್ಕಿಸಿಕೊಂಡರು. ಪೂರ್ತಿ ಹೇಳುವುದಿಲ್ಲ. ಒಳಗೆ ಪಟಾಪಟಿ ಚಡ್ಡಿ ಇತ್ತು, ದೇವರು ದೊಡ್ಡವನು.

ಆ ದಿನ ನಾನು ಮ್ಯೂಸಿಯಂನ ಮೇಸ್ತ್ರಿಯನ್ನು ಕರೆದೆ. ಮೇಸ್ತ್ರಿ ಚಾಮರಾಜನಗರದವರೇ, ಗಾರೆ ಕೆಲಸದಲ್ಲಿ ಮೂರು ತಲೆಮಾರಿನ ಮನೆತನ, ಮಾತು ಮನೆಯಲ್ಲಿ ಉರ್ದು, ಗೋಡೆ ಕಟ್ಟುವಾಗ ಕನ್ನಡ. ಕೆಲಸದ ವಿಷಯದಲ್ಲಿ ನನಗಿಂತ ಹಟಮಾರಿ. "ನೋಡಿ ಮೇಸ್ತ್ರೀ, ಈ ಚಕ್ರ ಇನ್ನು ಮೇಲೆ ಯಾರು ಏನು ಮಾಡಿದರೂ ತಿರುಗಬಾರದು" ಎಂದೆ. "ಆಯ್ತು ಮೇಡಂ, ನಂಗೆ ಬಿಡಿ" ಎಂದರು. ನಾನು ಒಂದು ಪ್ರದರ್ಶನಕ್ಕೆಂದು ಮೂರು ದಿನ ಮೈಸೂರಿಗೆ ಹೋದೆ.

ಬಂದು ನೋಡುತ್ತೇನೆ. ತಿಗರಿಯ ಕೆಳಗೆ ಕಬ್ಬಿಣದ ಸರಳು ಹಾಕಿ, ಜಲ್ಲಿ ಸಿಮೆಂಟು ಸುರಿದು, ಗೂಟ ಗಾಲಿ ನೆಲ ಮೂರನ್ನೂ ಒಂದು ಮಾಡಿ, ಮೇಲೆ ನುಣ್ಣಗೆ ಗಾರೆ ಎಳೆದು, ನೀರುಣಿಸಲು ಒದ್ದೆ ಗೋಣಿ ಹೊದಿಸಿದ್ದರು. ಸೇತುವೆಗೆ ಕಂಬ ಹಾಕುವವರೂ ಅಷ್ಟು ಹಾಕುವುದಿಲ್ಲ.

"ಅಯ್ಯೋ ಮಾರಾಯರೇ! ಏನು ಮಾಡಿಬಿಟ್ರಿ?" ಎಂದು ಕಿರುಚಿದೆ.

"ತಿರುಗಬಾರದು ಅಂದ್ರಲ್ಲ ಮೇಡಂ" ಎಂದರು ಮೇಸ್ತ್ರಿ. "ಈಗ ಆನೆ ಬಂದ್ರೂ ತಿರುಗಲ್ಲ."

ಒಂದು ಮೊಳೆಯೋ ಒಂದು ಚೂರು ಮರದ ಬೆಣೆಯೋ ಸಾಕಾಗಿತ್ತು. ಆದರೆ ನಾನು ಹಾಗೆ ಹೇಳಿರಲಿಲ್ಲವಲ್ಲ. ಬೈಯಬೇಕಾದ್ದು ನನ್ನನ್ನೇ ಆದ್ದರಿಂದ ಅವರನ್ನು ಇನ್ನಷ್ಟು ಜೋರಾಗಿ ಬೈದೆ. ತಾತ ಮುಂದಿನ ವಾರ ಬಂದವರು ಸುತ್ತಲೂ ನಡೆದು ನೋಡಿ, "ದೇವ್ರ ಕೂರ್ಸ್ದಂಗೆ ಕೂರ್ಸವ್ರಲ್ಲ" ಎಂದಷ್ಟೇ ಹೇಳಿ ಹೋದರು. ಬೇಜಾರಾಯಿತೋ ಸಮಾಧಾನವಾಯಿತೋ ಗೊತ್ತಾಗಲಿಲ್ಲ.

ಅದಾಗಿ ಎರಡು ವರ್ಷಕ್ಕೆ ತಾತನ ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗಿ ಚಾಮರಾಜನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಗಂಡಿನ ಕಡೆಯವರು ಗುಂಡ್ಲುಪೇಟೆಯವರು, ಅವರೂ ಕುಂಬಾರರೇ, ಆದರೆ ಬೀಗರು ಮಣ್ಣು ಬಿಟ್ಟು ಎಷ್ಟೋ ಕಾಲವಾಗಿ ಈಗ ಪೇಂಟ್ ಅಂಗಡಿ ಇಟ್ಟಿದ್ದರು. ಮದುವೆಗೆ ಹದಿನೈದು ದಿನ ಇರುವಾಗ ಒಂದು ಬೆಳಿಗ್ಗೆ ತಾತ ಮ್ಯೂಸಿಯಂ ಬಾಗಿಲಲ್ಲಿ ನಿಂತಿದ್ದರು. ಕಾಫಿ ಕೊಟ್ಟರೂ ಮುಟ್ಟಲಿಲ್ಲ.

"ಏನಾಯ್ತು ತಾತ?" ಎಂದೆ.

"ಐರಣೆ ಆಗ್ಬೇಕಲ್ಲವ್ವ" ಎಂದರು.

ಐರಣೆ ಎಂದರೆ ಮದುವೆಯ ಮಡಕೆಗಳು. ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದು, ವಾದ್ಯದೊಂದಿಗೆ ತಂದು, ಚಪ್ಪರದ ಕೆಳಗೆ ಇಟ್ಟು ಪೂಜೆ ಮಾಡುತ್ತಾರೆ. ಬೇರೆಯವರಾದರೆ ಕುಂಬಾರರ ಮನೆಗೆ ಹೋಗಿ ತರುತ್ತಾರೆ. ಕುಂಬಾರರ ಮನೆಯದೇ ಮದುವೆಯಾದರೆ ಅದು ತಮ್ಮದೇ ತಿಗರಿಯ ಮೇಲೆ ಎದ್ದಿರಬೇಕು. ಅರವತ್ತು ವರ್ಷ ಸುತ್ತಿನ ಹಳ್ಳಿಗಳ ಅಷ್ಟೂ ಮದುವೆಗೆ ಐರಣೆ ಕೊಟ್ಟ ಮನುಷ್ಯ ಸ್ವಂತ ಮೊಮ್ಮಗಳ ಮದುವೆಗೆ ಸಂತೆಯಿಂದ ಮಡಕೆ ಕೊಂಡು ತರಬೇಕು ಎಂದರೆ ಏನಾಗಬೇಡ? ಸಾಲದ್ದಕ್ಕೆ ಬೀಗರು ನಿಶ್ಚಿತಾರ್ಥದ ದಿನ ಎಲ್ಲರ ಮುಂದೆ, "ತಿಗರಿ ಎತ್ಕೊಟ್ಟೋರ್ ಮನೇಲಿ ಐರಣೆ ಎಲ್ಲಿಂದ ಬಂದದು, ಬುಡಿ. ಸಂತೇಲಿ ನಾನೇ ತಂದ್ಬುಡ್ತೀನಿ" ಎಂದು ನಕ್ಕಿದ್ದರಂತೆ. ಡಬ್ಬಿಯ ಬಣ್ಣ ಮಾರುವವರು ಈ ಮಾತು ಹೇಳಿದರಲ್ಲ ಎಂದು ನನಗೇ ಕೋಪ ನೆತ್ತಿಗೇರಿತು.

"ಸಂತೇದು ನನ್ ಮನೆ ಚಪ್ಪರಕ್ಕೆ ಬಂದ್ರೆ ನಾನು ಮದ್ವೆಗೇ ಓಗಲ್ಲ ಕಣವ್ವ" ಎಂದರು ತಾತ. ಬೆದರಿಕೆ ಅಲ್ಲ, ಅವರು ನಿಜವಾಗಿಯೂ ಹೋಗುತ್ತಿರಲಿಲ್ಲ. "ಒಂದೇ ಒಂದ್ ಸಲ ತಿಗರಿ ಬುಟ್ಕೊಡು. ಐದು ಮಡಕೆ ಸಾಕು."

ನಾನು ಸಿಮೆಂಟಿನ ಕಡೆ ನೋಡಿದೆ. ತಾತನೂ ನೋಡಿದರು.

ಮೇಸ್ತ್ರಿಗೆ ಫೋನು ಮಾಡಿದೆ. ಬಂದವರು ವಿಷಯ ಕೇಳಿ ಮುಖ ಸಣ್ಣ ಮಾಡಿಕೊಂಡರು. "ಮೇಡಂ, ಇಷ್ಟು ಗಟ್ಟಿ ಕೆಲಸ ನಾನು ನನ್ನ ಮನೆಗೂ ಮಾಡ್ಕೊಂಡಿಲ್ಲ. ಇದನ್ನ ಒಡೀರಿ ಅಂತೀರಲ್ಲ." ತಾತ ಕೈ ಮುಗಿದರು. ಆ ಕೈ ನಡುಗುವುದನ್ನು ಕಂಡ ಮೇಲೆ ಮೇಸ್ತ್ರಿ ಅಂಗಿ ಬಿಚ್ಚಿ ಉಳಿ ಸುತ್ತಿಗೆ ಹಿಡಿದು ಕೂತರು. ಒಂದು ಇಡೀ ದಿನ ಕಟಕಟ. ಪ್ರತಿ ಏಟಿಗೂ ಸಿಮೆಂಟಿನ ಚೂರು ಎಗರುತ್ತಿತ್ತು, ಅದನ್ನು ಎತ್ತಿ ನನಗೆ ತೋರಿಸಿ, "ನೋಡಿ, ಹೆಂಗೆ ಹಿಡ್ಕೊಂಡಿದೆ" ಎಂದು ಹೆಮ್ಮೆಪಡುತ್ತಿದ್ದರು. ಮರಕ್ಕೆ ಪೆಟ್ಟು ಬಿದ್ದೀತು ಎಂದು ತಾತ, "ಮೆತ್ತಗೆ, ಮೆತ್ತಗೆ" ಎಂದು ಪಕ್ಕದಲ್ಲೇ ಕೂತಿದ್ದರು. ಎರಡನೆಯ ದಿನ ಮಧ್ಯಾಹ್ನ ಗೂಟದ ಮೊನೆಗೆ ಹರಳೆಣ್ಣೆ ಬಿಟ್ಟು ಕೋಲು ಕೊಟ್ಟರೆ ತಿಗರಿ ಕಿರ್ರೆಂದು ಅರ್ಧ ಸುತ್ತು ಸುತ್ತಿ ನಿಂತಿತು. ಇನ್ನೊಂದು ಸಲ ಕೊಟ್ಟಾಗ ತಿರುಗಿಯೇಬಿಟ್ಟಿತು. ನಾನು, ತಾತ, ಮೇಸ್ತ್ರಿ ಮೂವರೂ ಚಪ್ಪಾಳೆ ತಟ್ಟಿದೆವು.

ತಾತ ಮಣ್ಣಿನ ಮುದ್ದೆ ಇಟ್ಟು ಕೂತರು. ಸೊಸೆ ಊರಿನಿಂದ ಹದ ಮಾಡಿ ಕಳಿಸಿದ ಮಣ್ಣು. ಬೆರಳು ಒಳಗಿಟ್ಟರು, ಗೋಡೆ ಎತ್ತಿದರು. ಒಂದು ಗೇಣು ಏಳುವಷ್ಟರಲ್ಲಿ ಕೈ ನಡುಗಿ ಸುತ್ತ ಅಲೆ ಎದ್ದು ಎಲ್ಲ ಕುಸಿಯಿತು. ಮತ್ತೆ ಇಟ್ಟರು. ಮತ್ತೆ ಕುಸಿಯಿತು. ನಾಲ್ಕನೆಯ ಸಲಕ್ಕೆ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮೇಸ್ತ್ರಿ ಬೀಡಿ ನೆಪ ಮಾಡಿಕೊಂಡು ಹೊರಗೆ ಹೋದರು.

"ಏಳಿ ತಾತ" ಎಂದೆ. "ನಾನು ಕೂತ್ಕೋತೀನಿ."

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಗಾಜಿನ್ ಕೆಲ್ಸದೋಳು ಕಣವ್ವ" ಎಂದರು. ಇನ್ಯಾರಾದರೂ ಆಗಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ನಾನು ಸೀರೆ ಎತ್ತಿ ಸಿಕ್ಕಿಸಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತೆ. ಮಂಡಿ ಎರಡೂ ಒಟ್ಟಿಗೆ ಲಟಲಟ ಎಂದವು.

ಮೂವತ್ತು ವರ್ಷ ಮಣ್ಣು ತಿರುಗಿಸಿದವಳು ನಾನು. ಆದರೆ ನನ್ನ ಸ್ಟುಡಿಯೋದಲ್ಲಿ ಇರುವುದು ಕರೆಂಟಿನ ಚಕ್ರ, ಸ್ಟೂಲಿನ ಮೇಲೆ ಕೂತು ಕಾಲಿನಲ್ಲಿ ಒತ್ತುವುದು. ಅದು ಎಡಕ್ಕೆ ತಿರುಗುತ್ತದೆ. ತಾತನ ತಿಗರಿ ಬಲಕ್ಕೆ. ನನ್ನ ಕೈಗಳಿಗೆ ಈ ಸಂಗತಿ ತಿಳಿಯುವ ಹೊತ್ತಿಗೆ ಮೊದಲ ಮುದ್ದೆ ಹಾರಿಹೋಗಿ ಗೋಡೆಯ ಮೇಲಿದ್ದ ಕಂಸಾಳೆಗೆ ಬಡಿದು ಠಣ್ ಎಂದಿತು. ಎರಡನೆಯದನ್ನು ಬಿಡಬಾರದೆಂದು ಎರಡೂ ತೋಳಿನಿಂದ ಅಮುಕಿದೆ.

"ಅವ್ವಾ, ಅದು ಮಡಕೆ ಕಣವ್ವ, ಎಮ್ಮೆಕರ ಅಲ್ಲ, ಅಂಗ್ ತಬ್ಬಬ್ಯಾಡ" ಎಂದರು ತಾತ.

ಸರಿಯಾಗಿ ಆಗಲೇ ಬಂಡೀಪುರ ನೋಡಿಕೊಂಡು ಬಂದ ಒಂದು ಸಂಸಾರ ಒಳಗೆ ನುಗ್ಗಿತು. ಅದರ ಯಜಮಾನ ಮೊಬೈಲು ಎತ್ತಿ ಹಿಡಿದು, "ಈ ಶೋ ದಿನಾ ಇರುತ್ತಾ ಮೇಡಂ?" ಎಂದ. ಮುಖದ ತುಂಬ ಮಣ್ಣು ಮೆತ್ತಿಕೊಂಡು ಕೂತಿದ್ದ ನಾನು ಅವನಿಗೆ ಏನು ಹೇಳಿದೆ ಎಂದು ಇಲ್ಲಿ ಬರೆಯಲು ಆಗುವುದಿಲ್ಲ. ಅವರು ಹುಲಿಯೂ ಕಾಣದೆ ಬಂದಿದ್ದರಂತೆ, ಪಾಪ, ಖುಷಿಯಾಗಿಯೇ ಹೋದರು.

ಮಾರನೆಯ ದಿನದ ಹೊತ್ತಿಗೆ ಕೈ ಬಲಕ್ಕೆ ಒಗ್ಗಿತು. ಒಂದು ಮಡಕೆ ಎದ್ದಿತು. ಅಂಚು ನೇರ, ಗೋಡೆ ತೆಳು, ನಾನೇ ಬೀಗಿದೆ. ತಾತ ಬೆರಳಿನಿಂದ ತಟ್ಟಿ ನೋಡಿ ಹಣೆ ಚಚ್ಚಿಕೊಂಡರು.

"ಇಸ್ಟ್ ತೆಳ್ಳಗ್ ಮಾಡ್ಬುಟ್ರೆ ನಾನ್ ಏನ ಬಡೀಲಿ? ಗಾಳಿಯಾ?"

ಆಗ ನನಗೆ ಅವರ ಕೆಲಸದ ಕ್ರಮ ಅರ್ಥವಾಯಿತು. ನನಗೆ ಚಕ್ರದಿಂದ ಇಳಿದದ್ದೇ ಮಡಕೆ. ಅವರಿಗೆ ಹಾಗಲ್ಲ. ಚಕ್ರದ ಮೇಲೆ ಎಬ್ಬಿಸುವುದು ಬರೀ ದಪ್ಪನೆಯ, ತಳ ಇಲ್ಲದ ಒಂದು ಗೋಡೆ. ಅದು ಸ್ವಲ್ಪ ಆರಿದ ಮೇಲೆ ಒಳಗೆ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಡಿದು ಹೊಟ್ಟೆ ಉಬ್ಬಿಸಿ, ತಳ ಮುಚ್ಚಿ ದುಂಡಗೆ ಮಾಡುವುದು. ಮಡಕೆ ಆಗುವುದು ಅಲ್ಲಿ. ನಾನು ದಪ್ಪನೆಯ ಐದು ಗೋಡೆ ಎಬ್ಬಿಸಿಕೊಟ್ಟೆ. ಅಭ್ಯಾಸಬಲದಿಂದ ಒಂದರ ಮೇಲೆ ನನ್ನ ಗುರುತು ಗೀಚಿದೆ, ನನ್ನ ಎಲ್ಲ ಕೆಲಸದ ಮೇಲೂ ಅದಿರುತ್ತದೆ. ತಾತ ನೋಡಲೂ ಇಲ್ಲ, ಮೂರೇ ಏಟಿಗೆ ಅಳಿಸಿಹೋಯಿತು.

ಬಡಿಯುವಾಗ ಮಾತ್ರ ಆ ಕೈಗಳು ಬೇರೆಯೇ. ಲೋಟ ಹಿಡಿಯಲಾಗದ ಕೈ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು, ಟಪ ಟಪ ಟಪ. ಹೊರಗಿನ ಹಲಗೆಯ ಏಟಿಗೆ ಒಳಗಿನ ಕಲ್ಲು ಒಂದೇ ಒಂದು ಸಲವೂ ತಪ್ಪಲಿಲ್ಲ. ನಾನು ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ ಐದು ಮಡಕೆ ಬೋರಲು ಬಿದ್ದಿದ್ದವು. ಅವುಗಳಲ್ಲಿ ನನ್ನ ಕೈಯದು ಎಷ್ಟು, ಅವರ ಕೈಯದು ಎಷ್ಟು ಎಂದು ಕೇಳಿದರೆ ನನಗೇ ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಒಂದು ವಾರ ನೆರಳಲ್ಲಿ ಆರಿದವು. ಆಮೇಲೆ ತಾತನ ಮನೆಯ ಹಿತ್ತಲಲ್ಲಿ ಸೊಸೆ ಹುಲ್ಲು, ಬೆರಣಿ, ತೆಂಗಿನ ಮಟ್ಟೆ ಒಟ್ಟಿ ಸುಟ್ಟಳು. ನನ್ನ ಗ್ಯಾಸಿನ ಕುಲುಮೆಯಲ್ಲಿ ಸುಡೋಣ ಎಂದದ್ದಕ್ಕೆ ತಾತ ನನ್ನತ್ತ ನೋಡಿದ ರೀತಿ ಹೇಗಿತ್ತೆಂದರೆ, ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಬೂದಿ ಸರಿಸಿ ಒಂದೊಂದನ್ನೇ ಬೆರಳಲ್ಲಿ ತಟ್ಟಿದರು. ಐದೂ ಖಣ್ ಎಂದು ನಾದ ಕೊಟ್ಟವು. ಸೊಸೆ ಸುಣ್ಣ ಕೆಮ್ಮಣ್ಣಿನಲ್ಲಿ ಗೆರೆ ಬರೆದಳು.

ಮದುವೆ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ. ನಾನು ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಹಾಜರಾಗಿದ್ದೆ. ನಿಜ ಹೇಳಬೇಕೆಂದರೆ ಮದುಮಗಳನ್ನು ನೋಡುವುದಕ್ಕಿಂತ ಮಡಕೆಗಳನ್ನು ನೋಡಲು ಹೋಗಿದ್ದೆ. ತಮಟೆ ವಾಲಗದೊಂದಿಗೆ ಐದು ಜನ ಹೆಂಗಸರು ಮಡಕೆ ಹೊತ್ತು, ನಾಲ್ಕು ಜನ ಮೇಲೆ ಸೀರೆ ಹಿಡಿದು ಒಳಗೆ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ದೊಡ್ಡ ದೊಡ್ಡ ಊರಿನ ಪ್ರದರ್ಶನಗಳಲ್ಲಿ ನನ್ನ ಕೆಲಸಕ್ಕೆ ದೀಪ ಹಾಕಿದ್ದನ್ನು ನೋಡಿದ್ದೇನೆ. ತಲೆಯ ಮೇಲೆ ಹೊತ್ತದ್ದನ್ನು ನೋಡಿರಲಿಲ್ಲ.

ಚಪ್ಪರದ ಕೆಳಗೆ ಮಡಕೆ ಇಳಿಸಿದ ಮೇಲೆ, ಅದನ್ನು ಮಾಡಿದ ಕೈಗೆ ತಾಂಬೂಲ ಕೊಡಬೇಕು. ಎಲೆ, ಅಡಿಕೆ, ತೆಂಗಿನಕಾಯಿ, ಅಕ್ಕಿ, ಒಂದು ಅಚ್ಚು ಬೆಲ್ಲ. ಗಂಡಿನ ಕಡೆಯ ಹಿರಿಯರಾಗಿ ಬೀಗರೇ ತಟ್ಟೆ ಹಿಡಿದು ನಿಂತರು. "ಯಾರ್ ಮಾಡಿದ್ದು ಐರಣೆಯ?" ಎಂದು ಕೇಳಿದರು.

ನಾನು ಸೆರಗು ಸರಿಮಾಡಿಕೊಂಡೆ. ಮಾಡಿಕೊಂಡೆ, ಅದರಲ್ಲೇನು ಮುಚ್ಚುಮರೆ.

"ನಾನೇ ಕಣಪ್ಪ. ಇನ್ಯಾರ್ ಮಾಡಾರು?" ಎಂದರು ತಾತ.

ನನಗೆ ರಕ್ತ ಕುದಿಯಿತು. ಮಂಡಿ ಇನ್ನೂ ನೋಯುತ್ತಿತ್ತು! ತಾತ ಮುಂದೆ ಹೋಗಿ ಎರಡೂ ಕೈ ಚಾಚಿದರು. ಕೈ ಗಡಗಡ ನಡುಗಿತು, ತೆಂಗಿನಕಾಯಿ ತಟ್ಟೆಯಲ್ಲೇ ಉರುಳಾಡಿತು. ಬೀಗರು ಆ ಕೈಯನ್ನು ನೋಡಿದರು, ಮಡಕೆಗಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಣ್ಣ ನಗು.

"ಏನಮ್ಮಾ, ತಿಗರಿ ನಿಮ್ತಾವೇ ಇರದಂತಲ್ಲ. ನೀವೇ ಯೋಳಿ. ಈ ಕೈಲಿ ಇವು ಆಗವಾ?"

ಛತ್ರವೆಲ್ಲ ನನ್ನತ್ತ ನೋಡಿತು. ತಾತನೂ ನೋಡಿದರು. ಅಷ್ಟು ವರ್ಷದಲ್ಲಿ ನನ್ನನ್ನು ಬೈದಿದ್ದರು, ಆಡಿಕೊಂಡಿದ್ದರು, ನನ್ನ ಹೂಜಿಗೆ ಉಪ್ಪಿನಕಾಯಿ ಹಾಕಿಸಿದ್ದರು. ಹೀಗೆ ಬೇಡುವ ಕಣ್ಣಲ್ಲಿ ಒಮ್ಮೆಯೂ ನೋಡಿರಲಿಲ್ಲ.

"ಆಗದೆ ಏನು?" ಎಂದೆ, ನನ್ನ ಜಗಳದ ದನಿಯಲ್ಲಿ. "ನಮ್ಮ ಮ್ಯೂಸಿಯಂನಲ್ಲೇ ಕೂತು ಮಾಡಿದ್ದು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ. ನಿಮಗೆ ಅನುಮಾನ ಇದ್ದರೆ ನೀವು ಒಂದು ಮಾಡಿ ತೋರಿಸಿ, ನೀವೂ ಕುಂಬಾರರೇ ಅಲ್ವೇ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬೀಗರು ತಟ್ಟೆಯನ್ನು ತಾತನ ಕೈಗಿಟ್ಟು ತಲೆ ಬಾಗಿಸಿದರು. ತಾತನಿಗೆ ಅಷ್ಟು ಸಾಕಾಯಿತು, ಎದೆ ಉಬ್ಬಿತು. "ಈವಮ್ಮ ಪಾಪ ತಿಗರಿಗೆ ಕೋಲ್ ಕೊಟ್ಲು" ಎಂದು ಎಲ್ಲರಿಗೂ ಕೇಳುವ ಹಾಗೆ ಸೇರಿಸಿದರು. ನಾನು ಆ ಮಾತನ್ನು ಪಾಯಸದ ಜೊತೆ ನುಂಗಿದೆ.

ಊಟ ಮುಗಿಸಿ ಹೊರಟಾಗ ಗೇಟಿನ ಹತ್ತಿರ ಯಾರೋ ಸೀರೆ ಜಗ್ಗಿದಂತಾಯಿತು. ತಾತ. ಅತ್ತ ಇತ್ತ ನೋಡಿ, ಟವೆಲ್ಲಿನ ಗಂಟು ಬಿಚ್ಚಿ, ತಾಂಬೂಲ ಅಷ್ಟನ್ನೂ ನನ್ನ ಚೀಲದೊಳಗೆ ತುರುಕಿದರು. ತೆಂಗಿನಕಾಯಿ, ಅಕ್ಕಿ, ಬೆಲ್ಲ, ಎಲೆ, ಒಂದೂ ಬಿಡದೆ.

"ಏನು ತಾತ ಇದು?"

"ಮಾಡ್ದೋರ್ಗೆ ಓಗ್ಬೇಕಾದ್ದು ಕಣವ್ವ. ನನ್ನತ್ರ ಇದ್ರೆ ದಕ್ಕಲ್ಲ" ಎಂದರು. "ಯಾರ್ಗೂ ಯೋಳ್ಬ್ಯಾಡ."

ನಾನು ಚೀಲದ ಬಾಯಿ ಕಟ್ಟಿ ತಲೆ ಎತ್ತಿದೆ. ಅವರು ಆಗಲೇ ತಿರುಗಿ ವಾಲಗದ ಕಡೆ ಹೋಗುತ್ತಿದ್ದರು. ಈಗ ತಾತ ಇಲ್ಲ. ಇದನ್ನು ಬರೆಯಲೇ ಎಂದು ಮೊಮ್ಮಗಳನ್ನು ಕೇಳಿದರೆ, "ಬರೀರಿ ಆಂಟಿ. ನಮಗೆಲ್ಲ ಅವತ್ತೇ ಗೊತ್ತಿತ್ತು. ನಮ್ಮ ಮಾವನವರಿಗೂ" ಎಂದಳು.

ಮದುವೆಯ ಆ ದಿನ ವಾಪಸು ಬರುವಾಗ ಚಾಮರಾಜನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಚೀಲ ಮಡಿಲಲ್ಲಿಟ್ಟುಕೊಂಡು ಕೂತೆ, ಅಳು ಬಂತು, ಅತ್ತೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, ರೇಷ್ಮೆ ಸೀರೆ ನೋಡಿ, ಮದುವೆ ಮನೆಯ ಅಳು ಎಂದುಕೊಂಡ.

"ಹೆಣ್ಣಿನ್ ಕಡೆಯೋರಾ ಅಮ್ಮಾ, ಗಂಡಿನ್ ಕಡೆಯೋರಾ?" ಎಂದ.

"ಮಡಕೆ ಮಾಡಿದವರ ಕಡೆ ಕಣಪ್ಪ" ಎಂದೆ.

ಅವನು ನನ್ನ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.